ರ‍್ಯಾಪ್ ಹಾಡುವ ಕನ್ನಡ ಟೀಚರ್‌ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಿಡುವಿದ್ದಾಗ ನಗಿಸುವ ರ‍್ಯಾಪ್ ಮತ್ತು ಸ್ಪೋಕನ್ ವರ್ಡ್ ಪದ್ಯಗಳನ್ನು ವೇದಿಕೆ ಮೇಲೆ ಹೇಳುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ, ಪೋಷಕರ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ ಜನ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಮೊದಲಿಗೆ ಸುಲಭದ್ದು, ಕೊನೆಗೆ ಈ ಕಸುಬಿಗೆ ಇಳಿದವರು ಕೇಳುವಂಥದ್ದು.

## ಮೊದಲ ಸಲ ಕೇಳುವವರಿಗೆ

ನೀವು ನಿಜವಾಗ್ಲೂ ಟೀಚರ್ರಾ? ಇಲ್ಲಾ ಸ್ಟೇಜಿಗೆ ಅಂತ ಹೀಗೆ ಸೀರೆ ಉಟ್ಕೊಂಡು ಬಂದಿದ್ದಾ?

ನಿಜವಾಗಲೂ ಟೀಚರ್. ಸೀರೆ ವೇಷ ಅಲ್ಲ. ಎಷ್ಟೋ ಸಲ ಶನಿವಾರದ ಬೆಳಗಿನ ಶಾಲೆ ಮುಗಿಸಿ ನೇರವಾಗಿ ಬಸ್ ಹತ್ತಿರುತ್ತೇನೆ, ಕೈಯಲ್ಲಿ ಸೀಮೆಸುಣ್ಣದ ಪುಡಿ ಕೂಡ ಹಾಗೇ ಇರುತ್ತದೆ. ಆದರೆ ಸೀರೆಯಿಂದ ಒಂದು ಲಾಭ ಇದೆ. ಸೀರೆ ಉಟ್ಟ ಹೆಂಗಸು ಮೈಕ್ ಹಿಡಿದರೆ ಜನ ಭಾವಗೀತೆ ಬರುತ್ತೆ ಅಂತ ಕಾಯುತ್ತಾರೆ. ಬೀಟ್ ಶುರುವಾದ ತಕ್ಷಣ ಮೊದಲ ನಗು ಪುಕ್ಕಟೆ ಸಿಗುತ್ತದೆ. ಎರಡನೆಯ ನಗುವಿಗೆ ಕೂತು ಬರೆಯಬೇಕು.

ರ‍್ಯಾಪ್, ಹಿಪ್ ಹಾಪ್, ಸ್ಪೋಕನ್ ವರ್ಡ್ ಎಲ್ಲಾ ಒಂದೇನಾ?

ಅಲ್ಲ. ಹಿಪ್ ಹಾಪ್ ದೊಡ್ಡ ಮನೆ, ರ‍್ಯಾಪ್ ಅದರೊಳಗಿನ ಒಂದು ಕೋಣೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1973ರ ಆಗಸ್ಟ್ 11ರಂದು, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ಮತ್ತು ಅವನ ತಂಗಿ ಸಿಂಡಿ ಒಂದು ಪಾರ್ಟಿ ನಡೆಸಿದರು. ಹಿಪ್ ಹಾಪ್ ಹುಟ್ಟಿದ ದಿನ ಅಂತ ಅದನ್ನೇ ಹೇಳುತ್ತಾರೆ. ಡಿಜೆಯ ಕೈಚಳಕ, ಬ್ರೇಕ್ ಡ್ಯಾನ್ಸ್, ಗೋಡೆ ಮೇಲಿನ ಗ್ರಾಫಿಟಿ, ಮೈಕ್ ಹಿಡಿದು ತಾಳಕ್ಕೆ ಮಾತಾಡುವ ಎಂಸಿ, ಈ ನಾಲ್ಕೂ ಸೇರಿ ಹಿಪ್ ಹಾಪ್. ಆ ಎಂಸಿ ಮಾಡುವ ಕೆಲಸ ರ‍್ಯಾಪ್.

ಸ್ಪೋಕನ್ ವರ್ಡ್‌ನಲ್ಲಿ ಬೀಟ್ ಇರಲೇಬೇಕು ಅಂತಿಲ್ಲ. ಅದು ಕೇಳಿಸುವುದಕ್ಕೆ ಅಂತಲೇ ಬರೆದ ಪದ್ಯ. ಓದುಗ ಹಿಂದಿನ ಸಾಲಿಗೆ ಕಣ್ಣು ಹಾಯಿಸಬಹುದು, ಕೇಳುಗನಿಗೆ ಆ ಸೌಕರ್ಯ ಇಲ್ಲ. ಅದಕ್ಕೇ ಒಂದು ಸಾಲು ಒಂದೇ ಸಲಕ್ಕೆ ಅರ್ಥ ಆಗಬೇಕು.

ಹಾಗಾದ್ರೆ ನಮ್ಮ ಕವಿಗೋಷ್ಠಿಗೂ ಇದಕ್ಕೂ ಏನು ವ್ಯತ್ಯಾಸ?

ಕವಿಗೋಷ್ಠಿಯಲ್ಲಿ ಹಾಳೆ ನೋಡಿ ಓದಬಹುದು, ಅಧ್ಯಕ್ಷರ ಭಾಷಣ ಇರುತ್ತದೆ, ಮತ್ತು ಬೇಸರವಾದರೂ ಚಪ್ಪಾಳೆ ತಟ್ಟುವುದು ಮರ್ಯಾದೆ. ಸ್ಪೋಕನ್ ವರ್ಡ್‌ನ ಸ್ಪರ್ಧೆಯಾದ ಸ್ಲ್ಯಾಮ್‌ನಲ್ಲಿ ಈ ಮರ್ಯಾದೆ ಇಲ್ಲ. ಶಿಕಾಗೋದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ ಗ್ರೀನ್ ಮಿಲ್ ಎಂಬ ಬಾರಿನಲ್ಲಿ 1986ರಿಂದ ಪೊಯೆಟ್ರಿ ಸ್ಲ್ಯಾಮ್ ನಡೆಸತೊಡಗಿದ. ಈಗ ಹೆಚ್ಚಿನ ಕಡೆ ನಡೆಯುವ ನಿಯಮ ಹೀಗಿದೆ. ಒಬ್ಬರಿಗೆ ಮೂರು ನಿಮಿಷ, ಮೇಲೆ ಹತ್ತು ಸೆಕೆಂಡಿನ ವಿನಾಯಿತಿ. ವಾದ್ಯ, ವೇಷ, ಸಾಮಾನು ಏನೂ ಇಲ್ಲ. ಸಭಿಕರಲ್ಲೇ ಐದು ಜನರನ್ನು ಆರಿಸಿ ಜಡ್ಜ್ ಮಾಡುತ್ತಾರೆ. ಅವರು ಹತ್ತಕ್ಕೆ ಅಂಕ ಕೊಡುತ್ತಾರೆ, ಅತಿ ಹೆಚ್ಚಿನದು ಮತ್ತು ಅತಿ ಕಡಿಮೆಯದು ತೆಗೆದು ಉಳಿದ ಮೂರನ್ನು ಕೂಡಿಸುತ್ತಾರೆ. ಒಟ್ಟು 30.

ಪದ್ಯಕ್ಕೆ ಅಂಕ ಕೊಡುವುದು ತಮಾಷೆಯೇ. ಅದು ತಮಾಷೆ ಅಂತ ಗೊತ್ತಿದ್ದೇ ಹಾಗೆ ಮಾಡಿದ್ದು. ಆದರೆ ಮೂರು ನಿಮಿಷದ ಕಟ್ಟುಪಾಡು ಮಾತ್ರ ನಮ್ಮ ಗೋಷ್ಠಿಗಳಿಗೂ ಬಂದರೆ ನಾನು ಊದುಬತ್ತಿ ಹಚ್ಚುತ್ತೇನೆ.

ಹಿಪ್ ಹಾಪ್ ಅಂದ್ರೆ ಕೋಪ, ಬೈಗುಳ, ಚೈನು ಅಲ್ವಾ? ಕಾಮಿಡಿ ಎಲ್ಲಿಂದ ಬಂತು?

ಮೊದಲಿಂದ ಇತ್ತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ಹಾಡು ರ‍್ಯಾಪನ್ನು ರೇಡಿಯೋಗೆ, ಮನೆಮನೆಗೆ ತಲುಪಿಸಿತು. ಅದರಲ್ಲಿ ಒಂದು ಭಾಗ ಪೂರ್ತಿ ಗೆಳೆಯನ ಮನೆಗೆ ಊಟಕ್ಕೆ ಹೋಗಿ ಸಿಕ್ಕಿಹಾಕಿಕೊಂಡವನ ಪಾಡು. ಊಟ ಚೆನ್ನಾಗಿಲ್ಲ, ಹೇಳುವ ಹಾಗಿಲ್ಲ, ಏಳುವ ಹಾಗೂ ಇಲ್ಲ. ನಮ್ಮ ಯಾವ ಹರಟೆ ಕಟ್ಟೆಯಲ್ಲಿ ಬೇಕಾದರೂ ನಡೆಯುವ ವಿಷಯ. ಅದಕ್ಕೂ ಹಿಂದೆ ಕಪ್ಪು ಅಮೆರಿಕನ್ನರ ಬೀದಿಗಳಲ್ಲಿ 'ಡಝನ್ಸ್' ಎಂಬ ಆಟ ಇತ್ತು. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಚಮತ್ಕಾರವಾಗಿ ಹಂಗಿಸುವುದು. ಸಿಟ್ಟಾದವನು ಸೋತ.

ಕೋಪದ ರ‍್ಯಾಪ್ ಇದೆ, ಇರಲಿ, ಅದಕ್ಕೆ ಕಾರಣವೂ ಇದೆ. ನನ್ನದು ಆ ಬದುಕಲ್ಲ. ಬೇರೆಯವರ ನೋವಿನ ದನಿಯನ್ನು ಎರವಲು ತಂದು ಕೂಗಿದರೆ ನನ್ನ ವಿದ್ಯಾರ್ಥಿಗಳೇ ಮೊದಲು ನಗುತ್ತಾರೆ, ಅದು ನನಗೆ ಬೇಕಾದ ನಗು ಅಲ್ಲ.

ಕನ್ನಡ ಟೀಚರ್ ಆಗಿ ಈ ಫಾರಿನ್ ಗಲಾಟೆ ಯಾಕೆ ಮೇಡಂ? ಇದು ನಮ್ಮ ಸಂಸ್ಕೃತಿನಾ?

ಈ ಪ್ರಶ್ನೆ ಕೇಳುವವರಿಗೆ ನಾನು ಹರದೇಶಿ–ನಾಗೇಶಿ ಕೇಳಿದ್ದೀರಾ ಅಂತ ತಿರುಗಿ ಕೇಳುತ್ತೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಗೀಗೀ ಪದ ಹಾಡುವ ಮೇಳಗಳು ಎದುರುಬದುರಾಗಿ ವಾದ ಮಾಡುತ್ತವೆ. ಹರದೇಶಿಯವರು ಶಿವನೇ ದೊಡ್ಡವನು, ಗಂಡೇ ಹೆಚ್ಚು ಅನ್ನುತ್ತಾರೆ. ನಾಗೇಶಿಯವರು ಶಕ್ತಿಯಿಲ್ಲದೆ ಶಿವ ಎಲ್ಲಿ ಅಂತ ಎತ್ತಿ ಹಾಕುತ್ತಾರೆ. ಪ್ರಶ್ನೆಯೂ ಹಾಡಿನಲ್ಲೇ, ಉತ್ತರವೂ ಹಾಡಿನಲ್ಲೇ. ಡಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. ಸಭೆ ಯಾರ ಕಡೆ ವಾಲಿತು ಅನ್ನುವುದೇ ತೀರ್ಪು. ರ‍್ಯಾಪ್ ಬ್ಯಾಟಲ್ ಅಂದರೆ ಇದಲ್ಲದೆ ಇನ್ನೇನು?

ಕರಾವಳಿಗೆ ಬಂದರೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನೆ, ಎದುರಾಳಿ ಅದನ್ನು ಕತ್ತರಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಇನ್ನು ಕುಡುಕ ರತ್ನನ ಬಾಯಲ್ಲಿ ಪದ ಹೇಳಿಸಿದ ಜಿ.ಪಿ. ರಾಜರತ್ನಂ ಅವರು ಕನ್ನಡ ಮೇಷ್ಟ್ರು. ಮೇಷ್ಟ್ರಿಗೆ ಹೆಂಡದಂಗಡಿಯ ಕನ್ನಡ ಯಾಕೆ ಅಂತ ಯಾರೂ ಕೇಳದೆ ಇದ್ದರೆ ಆಶ್ಚರ್ಯವೇ.

ಬೀಟ್ ಬ್ರಾಂಕ್ಸ್‌ನದ್ದು, ಅದನ್ನು ಮುಚ್ಚಿಡುವುದಿಲ್ಲ. ಕಪ್ಪು ಜನರು ಕಟ್ಟಿದ ಕಲೆ ಅಂತ ಕ್ಲಾಸಿನಲ್ಲೂ ಹೇಳುತ್ತೇನೆ. ನಮ್ಮಲ್ಲಿ ಎಲ್ಲ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವ ಚಟ ನನಗಿಲ್ಲ.

ನಿಮ್ಮ ಥರ ಬೇರೆ ಟೀಚರ್‌ಗಳೂ ಇದ್ದಾರಾ?

ಇದ್ದಾರೆ. ಅಮೆರಿಕದ ಟೇಲರ್ ಮಾಲಿ ಒಂಬತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ ಆಮೇಲೆ ಪೂರ್ಣಾವಧಿ ಸ್ಲ್ಯಾಮ್ ಕವಿಯಾದ. ಊಟದ ಮೇಜಿನಲ್ಲಿ ಒಬ್ಬ ವಕೀಲ 'ಟೀಚರ್‌ಗಳು ಎಷ್ಟು ದುಡೀತಾರೆ' ಎಂದು ಹಂಗಿಸಿದ್ದಕ್ಕೆ ಅವನು ಕೊಟ್ಟ ಉತ್ತರದ ಪದ್ಯ ಶಿಕ್ಷಕರ ಮಧ್ಯೆ ಜಗತ್ತೆಲ್ಲ ಸುತ್ತಿದೆ. ಪದ್ಯ, ಭಾಷಣಗಳಿಂದ ಸಾವಿರ ಜನರನ್ನು ಟೀಚರ್ ಮಾಡುತ್ತೇನೆ ಅಂತ ಹೊರಟು 2012ರಲ್ಲಿ ಆ ಲೆಕ್ಕ ಮುಟ್ಟಿದ. ಇಂಗ್ಲೆಂಡಿನ ಪೀಟರ್‌ಬರೋ ಊರಿನ ಮಾರ್ಕ್ ಗ್ರಿಸ್ಟ್ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ತನಗಿಂತ ತುಂಬಾ ಚಿಕ್ಕವನಾದ ಬ್ಲಿಝಾರ್ಡ್ ಎಂಬ ಹುಡುಗನ ಜೊತೆ ರ‍್ಯಾಪ್ ಬ್ಯಾಟಲ್ ಮಾಡಿದ ಅವನ ವೀಡಿಯೊ ಲಕ್ಷ ಲಕ್ಷ ಜನ ನೋಡಿದರು.

ನಮ್ಮಲ್ಲಿ ರ‍್ಯಾಪ್ ಅಲ್ಲದಿದ್ದರೂ ಹಾಸ್ಯದ ವೇದಿಕೆಗೆ ಮೇಷ್ಟ್ರುಗಳು ಹೊಸಬರೇನಲ್ಲ. ಮೈಸೂರಿನ ಪ್ರೊ. ಎಂ. ಕೃಷ್ಣೇಗೌಡರು ಕನ್ನಡ ಪ್ರಾಧ್ಯಾಪಕರಾಗಿದ್ದವರು. ಅವರ ಮಾತು ಕೇಳಿದರೆ ಒಳ್ಳೆಯ ಪಾಠಕ್ಕೂ ಒಳ್ಳೆಯ ಹಾಸ್ಯಕ್ಕೂ ನಡುವೆ ಗೋಡೆ ಎಷ್ಟು ತೆಳು ಅಂತ ಗೊತ್ತಾಗುತ್ತದೆ.

## ಕ್ಲಾಸಿನ ಒಳಗೆ

ಪಾಠ ಎಲ್ಲಾ ರ‍್ಯಾಪಲ್ಲೇ ಮಾಡ್ತೀರಾ?

ದಯವಿಟ್ಟು ಇಲ್ಲ. ದಿನಾ ಆರು ಪಿರಿಯಡ್ ರ‍್ಯಾಪ್ ಮಾಡುವ ಟೀಚರ್ ಅಂದರೆ ಮಕ್ಕಳ ಮೇಲಿನ ದೌರ್ಜನ್ಯ. ಹೆಚ್ಚಿನ ದಿನ ನಾನು ಬೇರೆ ಟೀಚರ್‌ಗಳಂತೆಯೇ ಓದಿಸುತ್ತೇನೆ, ಬರೆಸುತ್ತೇನೆ, 'ಹಿಂದಿನ ಬೆಂಚ್, ಏನದು ಮಾತು' ಅನ್ನುತ್ತೇನೆ. ಸಂಧಿ, ಸಮಾಸದ ಪಟ್ಟಿಯನ್ನು ಬೀಟಿಗೆ ಹಾಕಿ ಬಾಯಿಪಾಠ ಮಾಡಿಸುವ ವೀಡಿಯೊಗಳು ತುಂಬಾ ಇವೆ. ಬಾಯಿಪಾಠವಂತೂ ಆಗುತ್ತದೆ. ಆದರೆ ಬೀಟ್ ನಿಲ್ಲಿಸಿ ಒಂದು ಉದಾಹರಣೆ ಕೊಡು ಅಂದರೆ ಹುಡುಗ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಹಾಗಾಗಿ ನಾನು ರ‍್ಯಾಪ್ ತರುವುದು ಛಂದಸ್ಸಿನ ಪಾಠಕ್ಕೆ, ಮತ್ತೆ ಮಕ್ಕಳೇ ಬರೆಯುವ ದಿನ. ಅಷ್ಟೇ.

ಮಿಸ್, ಛಂದಸ್ಸಿಗೂ ರ‍್ಯಾಪಿಗೂ ಏನು ಸಂಬಂಧ? ಸುಮ್ನೆ ಹೇಳ್ತೀರ ಅಲ್ವಾ?

ಸುಮ್ನೆ ಅಲ್ಲ, ಲೆಕ್ಕ ಇದೆ. ಸಾಧಾರಣ ಹಿಪ್ ಹಾಪ್ ಬೀಟಿನ ಒಂದು ಬಾರಿನಲ್ಲಿ, ಅಂದರೆ ತಾಳದ ಒಂದು ಸುತ್ತಿನಲ್ಲಿ, ನಾಲ್ಕು ಹೊಡೆತ. ಒಂದೊಂದು ಹೊಡೆತವನ್ನು ನಾಲ್ಕು ಚೂರು ಮಾಡಿದರೆ 16. ಈಗ ಮಂದಾನಿಲ ರಗಳೆಯನ್ನು ನೆನಪು ಮಾಡಿಕೊಳ್ಳಿ. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಎರಡೆರಡು ಸಾಲಿಗೆ ಪ್ರಾಸ. ರ‍್ಯಾಪರ್ ಹುಡುಗರು ಎರಡೆರಡು ಬಾರ್‌ಗೆ ಒಂದು ರೈಮ್ ಹೊಂದಿಸುವುದೂ ಇದೇ ಅಚ್ಚಿನಲ್ಲಿ. ಹರಿಹರ ಕವಿ ಶಿವಶರಣರ ಕಥೆಗಳನ್ನು ಓಡಿಸಿಕೊಂಡು ಹೇಳಲು ರಗಳೆ ಹಿಡಿದದ್ದು ಸುಮ್ಮನೆ ಅಲ್ಲ. ಆ ನಡೆಗೆ ನಿಲ್ಲುವುದೇ ಗೊತ್ತಿಲ್ಲ.

ಕ್ಲಾಸಿನಲ್ಲಿ ಹೇಳುವ ನನ್ನದೇ ಸಾಲುಗಳು ಇವು:

ಆಟದ ಪಿರಿಯಡ್ ಬಂದರೆ ಸಾಕು
ಗಣಿತದ ಮೇಷ್ಟ್ರಿಗೆ ಅದುವೇ ಬೇಕು
ಬಾಲಿನ ಒಳಗಡೆ ಗಾಳಿಯೆ ಇಲ್ಲ
ಬೋರ್ಡಿನ ಲೆಕ್ಕಕೆ ಕೊನೆಯೇ ಇಲ್ಲ
ಕನ್ನಡ ಮಿಸ್ಸೂ ಕಡಿಮೆಯೆ ಏನು
ಡ್ರಾಯಿಂಗ್ ಪಿರಿಯಡ್ ಕದ್ದೆನು ನಾನು

ಪ್ರಸ್ತಾರ ಹಾಕಿ ನೋಡಿ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ಆಟದ' ಗುರು, ಲಘು, ಲಘು, ಅಂದರೆ ನಾಲ್ಕು. 'ಪಿರಿಯಡ್' ಲಘು, ಲಘು, ಕೊನೆಗೆ ವ್ಯಂಜನ ಇರುವುದರಿಂದ ಗುರು, ನಾಲ್ಕು. 'ಬಂದರೆ' ನಾಲ್ಕು. 'ಸಾಕು' ಮೂರು, ಸಾಲಿನ ಕೊನೆಯ ಲಘುವನ್ನು ಎಳೆದರೆ ನಾಲ್ಕು. ಇಂಗ್ಲಿಷ್ ಪದಕ್ಕೂ ಲಘು ಗುರು ಹಾಕಬಹುದಾ ಅಂತ ಮಕ್ಕಳು ಕೇಳುತ್ತಾರೆ. ಕಿವಿಗೆ ಬಿದ್ದದ್ದಕ್ಕೆಲ್ಲ ಹಾಕಬಹುದು. ಪರೀಕ್ಷೆಯಲ್ಲಿ ಪ್ರಸ್ತಾರದ ಪ್ರಶ್ನೆ ಅಂದರೆ ಹೆದರುತ್ತಿದ್ದವರು ತಮ್ಮ ಹೆಸರಿಗೆ, ಬಸ್ ಬೋರ್ಡಿಗೆ, ಕ್ಯಾಂಟೀನಿನ ಮೆನುವಿಗೆ ಗೆರೆ ಎಳೆಯಲು ಶುರು ಮಾಡುತ್ತಾರೆ.

'ಕದ್ದೆನು' ಹಳೇ ರೂಪ, ಬೇಕಂತಲೇ ಇಟ್ಟಿದ್ದು. ಕಳ್ಳತನ ಒಪ್ಪಿಕೊಳ್ಳುವಾಗ ಕಾವ್ಯದ ಗತ್ತು ಬಂದರೆ ನಗು ಜಾಸ್ತಿ.

ಹೀಗೆ ನಗಿಸ್ತಾ ಇದ್ರೆ ಮಕ್ಕಳು ನಿಮ್ಮನ್ನ ಸೀರಿಯಸ್ಸಾಗಿ ತಗೊಳ್ತಾರಾ?

ಉತ್ತರ ಪತ್ರಿಕೆ ಕೊಡುವ ದಿನ ತಗೊಳ್ಳುತ್ತಾರೆ. ಹೆದರಿಕೆ ಇದ್ದರೆ ಕ್ಲಾಸ್ ಶಾಂತವಾಗಿರುತ್ತದೆ, ನಿಜ. ಶಾಂತವಾಗಿರುವ ಕ್ಲಾಸು ಕೇಳಿಸಿಕೊಳ್ಳುತ್ತಿದೆ ಅಂತ ನಂಬುವುದು ಮಾತ್ರ ಟೀಚರ್‌ಗಳ ಹಳೇ ಭ್ರಮೆ.

ನನ್ನ ಮಗಳ ಬಗ್ಗೆ ಏನಾದ್ರೂ ಸ್ಟೇಜಲ್ಲಿ ಹೇಳ್ತೀರಾ ಅಂತ ಭಯ ಮೇಡಂ.

ಹೇಳುವುದಿಲ್ಲ. ಇದೊಂದು ವಿಷಯದಲ್ಲಿ ನನಗೆ ಗಟ್ಟಿ ನಿಯಮ ಇದೆ. ನನ್ನ ಹಾಸ್ಯದಲ್ಲಿ ಏಟು ತಿನ್ನುವವಳು ನಾನು, ಅಥವಾ ನನಗಿಂತ ಮೇಲಿರುವವರು. ಮಕ್ಕಳಲ್ಲ. ಹೆಸರು ಬದಲಾಯಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ನಲವತ್ತು ಜನರ ಕ್ಲಾಸಿನಲ್ಲಿ ತೊದಲುವವನು ಒಬ್ಬನೇ ಇದ್ದರೆ ಹೆಸರು ಯಾಕೆ ಬೇಕು?

ಕ್ಲಾಸಿನಲ್ಲಿ ಮೈಕ್ ಇಲ್ಲದಿದ್ದರೂ ಮೈಕ್ ನಮ್ಮ ಕೈಯಲ್ಲೇ ಇರುತ್ತದೆ. ಟೀಚರ್ ಒಬ್ಬ ಹುಡುಗನ ಉಚ್ಚಾರಣೆ ಆಡಿಕೊಂಡರೆ ಉಳಿದ ಮಕ್ಕಳೆಲ್ಲ ನಗುತ್ತಾರೆ. ನಗು ಬಂದದ್ದು ಜೋಕ್ ಚೆನ್ನಾಗಿದ್ದುದರಿಂದಲ್ಲ, ನಗದಿದ್ದರೆ ಮುಂದಿನ ಸರದಿ ತಮ್ಮದು ಅಂತ. ಆ ನಗುವನ್ನು ನಾನು ವಿದ್ಯಾರ್ಥಿಯಾಗಿ ಕೇಳಿದ್ದೇನೆ, ಅದರ ರುಚಿ ಗೊತ್ತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಯ ತಪ್ಪುಗಳನ್ನು ಓದಿ ನಗುವುದು ಬೇರೆ. ಅದನ್ನು ಫೋಟೋ ತೆಗೆದು ಹಂಚುವುದು, ವೇದಿಕೆಯಲ್ಲಿ ಓದುವುದು ಬೇರೆ. ಎಷ್ಟೇ ಚಪ್ಪಾಳೆ ಬರಲಿ, ಅದು ನನಗೆ ಸೋಮಾರಿ ಹಾಸ್ಯವಾಗಿಯೇ ಕಾಣುತ್ತದೆ.

ಓದೋದು ಬಿಟ್ಟು ರ‍್ಯಾಪರ್ ಆಗ್ತೀನಿ ಅಂತಿದಾನೆ ಮಗ. ನಿಮ್ಮಿಂದಲೇ ಅಲ್ವಾ ಇದು?

ಸ್ವಲ್ಪ ನನ್ನಿಂದ, ಜಾಸ್ತಿ ಅವನ ಫೋನಿನಿಂದ. ಬೆಂಗಳೂರಿನ ಆಲ್ ಓಕೆ, ರಾಹುಲ್ ಡಿಟ್ಟೋ ಥರದವರು ಕನ್ನಡದಲ್ಲೇ ರ‍್ಯಾಪ್ ಮಾಡಿ ಹೆಸರು ಮಾಡಿದ್ದಾರೆ, ಹುಡುಗರಿಗೆ ಆಸೆ ಬರುವುದು ಸಹಜ. ಅವನು ಬರೆದದ್ದನ್ನು ಒಮ್ಮೆ ಕೇಳಿ. ಕೇಳಿದ ಮೇಲೆ 'ಚೆನ್ನಾಗಿದೆ' ಅಂತ ಬಿಡಬೇಡಿ, ಯಾವ ಸಾಲು ಅರ್ಥ ಆಗಲಿಲ್ಲ ಅಂತ ಹೇಳಿ. ನಿಜವಾದ ಆಸಕ್ತಿ ಇದ್ದರೆ ತಿದ್ದಿಕೊಂಡು ಬರುತ್ತಾನೆ. ಇಲ್ಲದಿದ್ದರೆ ಮುಂದಿನ ತಿಂಗಳು ಜಿಮ್ ಅನ್ನುತ್ತಾನೆ. ಎರಡಕ್ಕೂ ಎಸ್ಸೆಸ್ಸೆಲ್ಸಿ ಬಿಡುವ ಅಗತ್ಯ ಇಲ್ಲ.

ಹೆಡ್‌ಮಾಸ್ಟರ್ ಏನೂ ಅನ್ನಲ್ವಾ? ಸರ್ಕಾರಿ ಶಾಲೆಯ ಟೀಚರ್‌ಗಳೂ ಮಾಡಬಹುದಾ?

ಮೊದಲ ಕಾರ್ಯಕ್ರಮಕ್ಕೆ ಮುಂಚೆಯೇ ನಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದು ಒಪ್ಪಿಗೆ ತಗೊಂಡಿದ್ದೇನೆ. ಶಾಲೆಯ ಹೆಸರು ಹೇಳುವುದಿಲ್ಲ, ಶಾಲೆಯ ಹೊತ್ತಿನಲ್ಲಿ ಹೋಗುವುದಿಲ್ಲ. ಸರ್ಕಾರಿ ಶಿಕ್ಷಕರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ, ದುಡ್ಡು ಪಡೆದು ಬೇರೆ ಕೆಲಸ ಮಾಡುವುದಕ್ಕೆ ಅಲ್ಲಿ ಕಡಿವಾಣ ಇದೆ. ಪ್ರಾಸ ಇದ್ದ ಮಾತ್ರಕ್ಕೆ ಟೀಕೆ ಟೀಕೆಯಲ್ಲ ಅಂತ ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಲಿಖಿತ ಅನುಮತಿ ಮೊದಲು, ಬೀಟ್ ಆಮೇಲೆ.

## ಬರೆಯಲು ಕೂತವರಿಗೆ

ಇಂಗ್ಲಿಷ್‌ನಷ್ಟು ಸಲೀಸಾಗಿ ಕನ್ನಡದಲ್ಲಿ ರ‍್ಯಾಪ್ ಕೂರಲ್ಲ ಅಂತಾರೆ, ಹೌದಾ?

ಪುಸ್ತಕದ ಕನ್ನಡದಲ್ಲಿ ಬರೆದರೆ ಕೂರುವುದಿಲ್ಲ. 'ಹೋಗುತ್ತಿದ್ದಾನೆ' ಒಂದಕ್ಕೇ ಒಂಬತ್ತು ಮಾತ್ರೆ. 16ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖರ್ಚು, ಇನ್ನೂ ಯಾರು ಎಲ್ಲಿಗೆ ಅಂತ ಹೇಳಿಲ್ಲ. 'ಹೋಗ್ತಿದಾನೆ' ಅಂದರೆ ಆರಕ್ಕೆ ಮುಗಿಯುತ್ತದೆ. ಬಾಯಿಮಾತು ಈ ಕೆಲಸವನ್ನು ಯಾವಾಗಲೋ ಮಾಡಿಟ್ಟಿದೆ. ನಾವು ಅದನ್ನು ನಂಬಬೇಕು ಅಷ್ಟೇ.

ಕನ್ನಡಕ್ಕೆ ತನ್ನದೇ ಅನುಕೂಲಗಳೂ ಇವೆ. ಒತ್ತಕ್ಷರ ಡ್ರಮ್ಮಿನ ಕೆಲಸ ಮಾಡುತ್ತದೆ. 'ಕಟ್ಟು, ಮೆಟ್ಟು, ತಟ್ಟು' ಅನ್ನಿ, ಬೀಟ್ ಇಲ್ಲದೆಯೂ ಬೀಟ್ ಕೇಳಿಸುತ್ತದೆ. ದಬದಬ, ಚುರುಚುರು, ಗಿಜಿಗಿಜಿ ಥರದ ಪದಗಳ ರಾಶಿ ನಮ್ಮ ಹತ್ತಿರ ಇದೆ, ಹೆಚ್ಚಿನವು ನಾಲ್ಕು ಲಘು. ಒಂದು ಹೊಡೆತಕ್ಕೆ ಅಳತೆ ತೆಗೆದ ಹಾಗೆ ಸರಿಹೊಂದುತ್ತವೆ.

ಪ್ರಾಸ ಸಿಗ್ತಿಲ್ಲ ಅಕ್ಕ, ಏನ್ ಮಾಡ್ಲಿ?

ಸಿಗುತ್ತಿಲ್ಲ ಅಂದರೆ ಒಳ್ಳೆಯ ಲಕ್ಷಣ. ಕನ್ನಡದಲ್ಲಿ ಕೆಟ್ಟ ಪ್ರಾಸ ಬಹಳ ಸುಲಭವಾಗಿ ಸಿಗುತ್ತದೆ. ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ, ಎಲ್ಲದಕ್ಕೂ ಬಾಲ ಒಂದೇ. ಬರ್ತಾನೆ, ಹೋಗ್ತಾನೆ, ತಿಂತಾನೆ, ಮಲಗ್ತಾನೆ. ಇದು ಪ್ರಾಸ ಅಲ್ಲ, ವ್ಯಾಕರಣ. ನಾನು ಹುಡುಗರಿಗೆ ಹೇಳುವುದು ಇಷ್ಟು. ಕ್ರಿಯಾಪದವನ್ನು ಸಾಲಿನ ಮಧ್ಯಕ್ಕೆ ಎಳೆದು ತನ್ನಿ, ಕೊನೆಗೆ ನಾಮಪದ ಇಡಿ. ಮಾತಿನಲ್ಲಿ ನಾವು ಹಾಗೆ ಮಾಡುತ್ತಲೇ ಇರುತ್ತೇವೆ: 'ಎಲ್ಲಿ ಹೋಯ್ತು ನನ್ನ ಕೊಡೆ?' ಈಗ ಕೊಡೆಗೆ ಪ್ರಾಸ ಹುಡುಕಿ. ಒಡೆ, ತಡೆ, ಕಡೆ, ವಡೆ. ಮಳೆ ಮತ್ತು ವಡೆ ಸೇರಿದರೆ ಶಿವಮೊಗ್ಗದಲ್ಲಿ ಒಂದು ಪದ್ಯ ಸಿದ್ಧ.

ಇನ್ನೊಂದು ಹಳೆಯ ದಾರಿ ಇದೆ, ಎರಡನೆಯ ಅಕ್ಷರದ ಪ್ರಾಸ. ಹಳೇ ಕಾವ್ಯದಲ್ಲಿ ಅದು ಕಡ್ಡಾಯ. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಅದನ್ನು ಬಿಟ್ಟು ಬರೆದಾಗ ದೊಡ್ಡ ಸುದ್ದಿಯಾಯಿತು, ಹೊಸಗನ್ನಡ ಕಾವ್ಯಕ್ಕೆ ಉಸಿರಾಡಲು ಜಾಗ ಸಿಕ್ಕಿತು. ನೂರು ವರ್ಷದ ಮೇಲೆ ನಾನು ಅದನ್ನು ಕಡ್ಡಾಯ ಇಲ್ಲದೆ ವಾಪಸ್ ತಂದುಕೊಳ್ಳುತ್ತೇನೆ. ಸಾಲಿನ ಕೊನೆಯಲ್ಲಿ ರೈಮ್ ಬರುತ್ತದೆ ಅಂತ ಕಾಯುವ ಕಿವಿಗೆ ಅದು ಶುರುವಿನಲ್ಲೇ ಸಿಕ್ಕರೆ ಖುಷಿ ಬೇರೆ.

ಜನ ನಗೋ ಹಾಗೆ ಬರೆಯೋದು ಹೇಗೆ? ನಾನು ಬರೆದ್ರೆ ನಾನೊಬ್ಬನೇ ನಗೋದು.

ನಗು ಬರಿಸುವ ಮಾತು ಸಾಲಿನ ಕೊನೆಯ ಪದವಾಗಬೇಕು. ಅದರ ಮೇಲೆ ಇನ್ನೊಂದು ಪದ ಬಂದರೂ ಜೋಕ್ ಕೆಳಗೆ ಸಿಕ್ಕಿ ಸಾಯುತ್ತದೆ. ಇದರಲ್ಲಿ ಕನ್ನಡ ನಮ್ಮ ಪರ. 'ಇಲ್ಲ' ಅನ್ನುವುದು ಕೊನೆಗೇ ಬರುತ್ತದೆ, ಅಲ್ಲಿಯ ತನಕ ಕೇಳುಗನಿಗೆ ವಾಕ್ಯ ಎತ್ತ ತಿರುಗುತ್ತದೆ ಗೊತ್ತಿಲ್ಲ. ನನ್ನ ಒಂದು ಪದ್ಯ ಹೀಗೆ ಸಾಗುತ್ತದೆ: ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ, ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇದೆ, ಹತ್ತಕ್ಕೂ ಹೂವಿನ ಕವರ್ ಇದೆ, ಕವರ್ ತೆಗೆಯೋಕೆ ಪರ್ಮಿಷನ್ ಇಲ್ಲ. ಮೂರು ಸಲ 'ಇದೆ' ಅಂದು ನಂಬಿಸಿ ನಾಲ್ಕನೆಯದರಲ್ಲಿ ಕೈ ಕೊಡುವುದು.

ಆಮೇಲೆ ನಗುವುದಕ್ಕೆ ಜಾಗ ಬಿಡಿ. ಬೀಟ್ ನಿಲ್ಲುವುದಿಲ್ಲ, ಸಭೆ ನಕ್ಕರೆ ನಿಮ್ಮ ಮುಂದಿನ ಸಾಲು ಮುಳುಗಿ ಹೋಗುತ್ತದೆ. ನಾನು ದೊಡ್ಡ ಪಂಚ್ ಆದ ಮೇಲೆ ಅರ್ಧ ಬಾರ್ ಖಾಲಿ ಬಿಡುತ್ತೇನೆ, ಇಲ್ಲವೇ ಕಳೆದುಹೋದರೂ ನಷ್ಟವಿಲ್ಲದ ಸಾಲು ಇಡುತ್ತೇನೆ. ಹೊಸಬರು ಇದನ್ನು ಮರೆತು ತಮ್ಮ ಒಳ್ಳೆಯ ಸಾಲನ್ನು ತಾವೇ ನುಂಗುತ್ತಾರೆ.

ಉತ್ತರ ಕರ್ನಾಟಕದ ಭಾಷೆ, ಮಂಗಳೂರು ಭಾಷೆ ಹಾಕಿದ್ರೆ ಜನ ಜಾಸ್ತಿ ನಗ್ತಾರೆ. ಹಾಕಬಹುದಾ?

ನಿಮ್ಮ ಮನೆಯ ಭಾಷೆಯಾದರೆ ಧಾರಾಳವಾಗಿ. ಬೇರೆಯವರದ್ದಾದರೆ ಒಂದು ನಿಮಿಷ ಯೋಚಿಸಿ. ಮಾತಿನಲ್ಲಿ ಹಾಸ್ಯ ಇದೆಯಾ, ಇಲ್ಲಾ ಆ ಊರಿನವರು ಮಾತಾಡುವುದೇ ಹಾಸ್ಯ ಅಂತಿದ್ದೀರಾ? ನಮ್ಮ ಸಿನಿಮಾಗಳು ಎರಡನೆಯದನ್ನು ಎಷ್ಟು ಮಾಡಿವೆ ಅಂದರೆ, ಬೀದರ್ ಕಡೆಯಿಂದ ಬಂದ ಹುಡುಗಿ ಕ್ಲಾಸಿನಲ್ಲಿ ಎದ್ದು ಉತ್ತರ ಹೇಳಿದರೂ ಉಳಿದವರು ನಗುತ್ತಾರೆ. ಉತ್ತರ ಸರಿಯಾಗಿರುತ್ತದೆ. ಆ ನಗುವನ್ನು ಬಿಡಿಸಲು ನನಗೆ ವರ್ಷ ಹಿಡಿಯುತ್ತದೆ, ವೇದಿಕೆಯಲ್ಲಿ ಮತ್ತೆ ಅದನ್ನೇ ಬಿತ್ತಲಾರೆ.

## ಮೈಕ್ ಹಿಡಿದವರಿಗೆ

ಬೀಟ್ ಎಲ್ಲಿಂದ ತಗೋಬೇಕು? ಯೂಟ್ಯೂಬಲ್ಲಿ ಫ್ರೀ ಅಂತ ಇರುತ್ತಲ್ಲ?

ಆ 'ಫ್ರೀ' ಹೆಚ್ಚಿನ ಸಲ ದುಡ್ಡು ಮಾಡದಿದ್ದರೆ ಮಾತ್ರ ಫ್ರೀ. ಕೆಳಗಿನ ವಿವರಣೆ ಪೂರ್ತಿ ಓದಿ. ಶಾಲೆಯೊಳಗೆ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರ ಮುಂದೆ ಮಾಡುವ ಪ್ರದರ್ಶನಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ರಿಯಾಯಿತಿ ಇದೆ. ಅದನ್ನೇ ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕಿದರೆ ಆ ರಿಯಾಯಿತಿ ಹಿಂದೆ ಬರುವುದಿಲ್ಲ. ನನ್ನ ಸಲಹೆ, ಡಪ್ಪು ಬಾರಿಸುವ ಹುಡುಗನೊಬ್ಬನನ್ನು ಹಿಡಿಯಿರಿ. ಕರೆಂಟ್ ಹೋದರೂ ಕಾರ್ಯಕ್ರಮ ನಡೆಯುತ್ತದೆ.

ಎಂಟನೇ ಸಾಲಿಗೇ ಉಸಿರು ಖಾಲಿ. ಗಂಟಲೂ ಕಟ್ಟುತ್ತೆ. ಏನು ಮಾಡೋದು?

ನಿಮಿಷಕ್ಕೆ 90 ಹೊಡೆತದ ಬೀಟಿನಲ್ಲಿ ಒಂದು ಬಾರ್ ಸುಮಾರು 2.7 ಸೆಕೆಂಡು. 16 ಬಾರ್ ಅಂದರೆ ಮುಕ್ಕಾಲು ನಿಮಿಷಕ್ಕೂ ಕಡಿಮೆ. ಹೊತ್ತು ಕಡಿಮೆಯೇ, ಆದರೆ ಉಸಿರಿಗೆ ಜಾಗ ಇಟ್ಟು ಬರೆದಿರುವುದಿಲ್ಲ. ಬರೆದ ಹಾಳೆಯಲ್ಲಿ ಉಸಿರು ತೆಗೆಯುವ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಗೆರೆ ಹಾಕಲು ಜಾಗ ಇಲ್ಲದಿದ್ದರೆ ಒಂದು ಪದ ಕಿತ್ತುಹಾಕಿ. ಸುಮಾರು ಸಲ ಕಿತ್ತ ಪದ ಬೇಡದ ವಿಶೇಷಣವೇ ಆಗಿರುತ್ತದೆ.

ಗಂಟಲಿನ ವಿಷಯದಲ್ಲಿ ಟೀಚರ್‌ಗಳು ಮೊದಲೇ ಸಾಲಗಾರರು. ದಿನವಿಡೀ ಕೂಗಿ ಸಂಜೆ ಮತ್ತೆ ಕೂಗಿದರೆ ದನಿ ಪೆಟಿಗೆಯಲ್ಲಿ ಗಂಟು ಬರಬಹುದು. ಕಾರ್ಯಕ್ರಮದ ದಿನ ಕ್ಲಾಸಿನಲ್ಲಿ ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತೇನೆ, ನೀರು ಕುಡಿಯುತ್ತಾ ಇರುತ್ತೇನೆ. ದನಿ ಒಡೆದದ್ದು ಎರಡು ಮೂರು ವಾರ ಕಳೆದರೂ ಸರಿ ಹೋಗದಿದ್ದರೆ ಕಷಾಯ ನೆಚ್ಚಿಕೊಂಡು ಕೂರಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಮತ್ತೆ, ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ. ವೀಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ, ಮಾತು ಮಂಕಾಗುತ್ತದೆ, ಸ್ಪೀಕರ್ ಕೀಂಯ್ ಅನ್ನುತ್ತದೆ.

ಯಾರೂ ನಗದೇ ಇದ್ರೆ?

ಮುಂದಿನ ಸಾಲು ಹೇಳಬೇಕು. 'ಅರ್ಥ ಆಯ್ತಾ?' ಅಂತ ಮಾತ್ರ ಕೇಳಬಾರದು. ಅದು ಕ್ಲಾಸಿನ ಪ್ರಶ್ನೆ, ಕ್ಲಾಸಿನಲ್ಲೂ ಅದಕ್ಕೆ ನಿಜವಾದ ಉತ್ತರ ಸಿಗುವುದಿಲ್ಲ.

ಭಾಮಿನಿ ಷಟ್ಪದಿ ಬೀಟಿಗೆ ಕೂರುತ್ತಾ?

ನೇರವಾಗಿ ಇಲ್ಲ, ಅದಕ್ಕೇ ಮಜಾ. ಭಾಮಿನಿಯ ಗಿಡ್ಡ ಸಾಲು 3, 4, 3, 4, ಒಟ್ಟು 14 ಮಾತ್ರೆ. ಬಾರಿನ 16ರಲ್ಲಿ ಎರಡು ಉಳಿಯುತ್ತದೆ, ಉಸಿರಿಗೆ ಸರಿಯಾಯಿತು. ಗಣಗಳು ಶುರುವಾಗುವುದು 1, 4, 8, 11ನೇ ಚೂರಿನಲ್ಲಿ. ಸ್ನೇರ್, ಅಂದರೆ ಡ್ರಮ್ಮಿನ ಚಟ್ ಅನ್ನುವ ಗಟ್ಟಿ ಏಟು, ಬೀಳುವುದು 5 ಮತ್ತು 13ರಲ್ಲಿ. ಅಂದರೆ ಪದ್ಯದ ಒತ್ತು ಡ್ರಮ್ಮಿಗೆ ಸ್ವಲ್ಪ ಮುಂಚೆ ಅಥವಾ ಆಮೇಲೆ ಬೀಳುತ್ತಾ ಹೋಗುತ್ತದೆ. ತಾಳ ತಪ್ಪಿದ ಹಾಗೆ ಕೇಳಿಸಿ ತಪ್ಪದೆ ಇರುವುದು. ಒಳ್ಳೆಯ ರ‍್ಯಾಪರ್‌ಗಳು ಕಷ್ಟಪಟ್ಟು ಕಲಿಯುವ ಅಡ್ಡನಡೆ ಇಲ್ಲಿ ಛಂದಸ್ಸಿನಿಂದಲೇ ಬರುತ್ತದೆ. ಮೂರನೆಯ ಮತ್ತು ಆರನೆಯ ಸಾಲು 23 ಮಾತ್ರೆ, ಅದಕ್ಕೆ ಎರಡು ಬಾರ್ ಕೊಡಿ, ಉಳಿದ ಜಾಗದಲ್ಲಿ ಸಭೆಯಿಂದ ಒಂದು 'ಹೋಯ್' ಅನ್ನಿಸಿ. ಗಮಕದವರು ಕೇಳಿದರೆ ನನ್ನ ಹೆಸರು ಹೇಳಬೇಡಿ.

ನಮ್ಮ ಹುಡುಗರ ಜೊತೆ ಬ್ಯಾಟಲ್‌ಗೆ ಬರ್ತೀರಾ ಮೇಡಂ?

ನನ್ನ ವಿದ್ಯಾರ್ಥಿಗಳ ಜೊತೆ ಇಲ್ಲ. ಬ್ಯಾಟಲ್ ಅಂದರೆ ಹಂಗಿಸುವುದು. ಅವನು ನನ್ನನ್ನು ಹಂಗಿಸಿ ಸೋಮವಾರ ನನ್ನ ಕ್ಲಾಸಿನಲ್ಲಿ ಕೂರಬೇಕು, ನಾನು ಅವನಿಗೆ ಅಂಕ ಹಾಕಬೇಕು. ಅದರಲ್ಲಿ ಸಮ ಇಲ್ಲ. ಹಳೆಯ ವಿದ್ಯಾರ್ಥಿಗಳ ಜೊತೆ ಬರುತ್ತೇನೆ, ಅವರ ಬಳಿ ನನ್ನ ವಿರುದ್ಧ ಸಾಮಗ್ರಿ ಸಾಕಷ್ಟಿರುತ್ತದೆ. ಈಗಿನ ಮಕ್ಕಳಿಗೆ ಬೇರೆ ಆಟ ಇಟ್ಟಿದ್ದೇನೆ. ಹರದೇಶಿ–ನಾಗೇಶಿ ಥರ ಎರಡು ಗುಂಪು, ವಿಷಯಕ್ಕೆ ವಿಷಯ. ಹಳ್ಳಿ ಮೇಲಾ ಪೇಟೆ ಮೇಲಾ, ಅಮ್ಮ ಮೇಲಾ ಫೋನ್ ಮೇಲಾ. ಎದುರಿನವರ ಮೈಬಣ್ಣ, ಮನೆ, ಜಾತಿ, ಮಾರ್ಕ್ಸ್ ಮುಟ್ಟಿದರೆ ಗುಂಪೇ ಔಟ್. ವೀಡಿಯೊ ಕೂಡ ಇಲ್ಲ. ಹದಿಮೂರರ ವಯಸ್ಸಿನಲ್ಲಿ ಹೇಳಿದ ಒಂದು ಮಾತು ಇಪ್ಪತ್ತಮೂರರಲ್ಲಿ ಕೆಲಸ ಕೇಳಲು ಹೋದಾಗ ಎದುರಿಗೆ ಬರಬಾರದು.

ದುಡ್ಡು ಸಿಗುತ್ತಾ? ಕೆಲಸ ಬಿಟ್ಟು ಇದನ್ನೇ ಮಾಡಬಹುದಲ್ಲ?

ಕೆಲವು ಕಡೆ ಗೌರವಧನ, ಹಲವು ಕಡೆ ಶಾಲು, ಹಣ್ಣಿನ ಬುಟ್ಟಿ. ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನ ಚಾರ್ಜು ಉಳಿದಿದೆ, ಅದನ್ನೂ ಸಂಭಾವನೆಗೆ ಸೇರಿಸಿಕೊಂಡಿದ್ದೇನೆ. ಕೆಲಸ ಬಿಡುವುದಿಲ್ಲ. ಬಿಟ್ಟರೆ ಬರೆಯಲು ವಿಷಯ ಎಲ್ಲಿಂದ ತರಲಿ? ವೇದಿಕೆಯ ಕತ್ತಲಲ್ಲಿ ಕೂತವರು ಬೇಸರವಾದರೂ ಸುಮ್ಮನಿರುತ್ತಾರೆ. ಒಂಬತ್ತನೇ ಕ್ಲಾಸಿನವರು ಮೂರನೇ ಸಾಲಿಗೇ ಆಕಳಿಸಿ ತೋರಿಸುತ್ತಾರೆ. ನನ್ನ ಪದ್ಯಗಳ ಮೊದಲ ತಿದ್ದುಪಡಿ ಆಗುವುದು ಆ ಆಕಳಿಕೆಯಿಂದ.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕರೀಬಹುದಾ? ಏನೇನು ಬೇಕು?

ಕರೆಯಬಹುದು, ಶಾಲೆ ಇಲ್ಲದ ದಿನ ಆಗಿರಬೇಕು. ವೈರ್ ಇರುವ ಒಂದು ಮೈಕ್, ಫೋನಿಗೆ ಸಿಕ್ಕಿಸುವ ಒಂದು ಕೇಬಲ್, ನನ್ನ ಕಡೆ ತಿರುಗಿಸಿದ ಒಂದು ಸ್ಪೀಕರ್ ಸಾಕು. ಹನ್ನೆರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಬಹುಮಾನ ವಿತರಣೆ ಆದ ಮೇಲೆ ಇಡಬೇಡಿ, ಅಷ್ಟೊತ್ತಿಗೆ ಬಹುಮಾನ ಬಂದವರು ಫೋಟೋಗೆ, ಬಾರದವರು ಮನೆಗೆ ಹೋಗಿರುತ್ತಾರೆ. ಊಟಕ್ಕೆ ಮುಂಚೆಯೂ ಬೇಡ. ಶಾಸಕರ ಭಾಷಣದ ಹಿಂದೆ ಹಾಕಿದರೆ ಅಭ್ಯಂತರ ಇಲ್ಲ, ಆ ಹೊತ್ತಿಗೆ ಸಭೆ ಯಾವುದಕ್ಕೆ ಬೇಕಾದರೂ ನಗಲು ತಯಾರಿರುತ್ತದೆ. ಮತ್ತೆ ನಿಮ್ಮ ಶಾಲೆಯಲ್ಲಿ ಬರೆಯುವ ಮಕ್ಕಳಿದ್ದರೆ ಇಬ್ಬರಿಗೆ ನನಗಿಂತ ಮೊದಲು ಮೈಕ್ ಕೊಡಿ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ನನ್ನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇರಲಿ.